ಕೈಯಲ್ಲಿ ಮಾಡಿದ ಗಿಟಾರ್, ಕೈ ತಪ್ಪಿದ ಸ್ಕ್ರೂ: ಸರಿಪಡಿಸುವ 12 ಸೂತ್ರಗಳು

ಮರ ಆರಿಸಿ, ಪಕ್ಕಗಳನ್ನು ಬಗ್ಗಿಸಿ, ಪಾಲಿಶ್ ಹೊಡೆದು ತಿಂಗಳುಗಟ್ಟಲೆ ದುಡಿದ ಗಿಟಾರ್‌ಗೆ ಪೆಟ್ಟು ಬೀಳುವುದು ಹೆಚ್ಚಾಗಿ ಕೊನೆಯ ಹಂತದಲ್ಲೇ. ಟ್ಯೂನರ್, ಬ್ರಿಡ್ಜ್, ಪಿನ್, ಜ್ಯಾಕ್ ಕೂರಿಸುವ ಹೊತ್ತಿಗೆ ತಂತಿ ಕಟ್ಟಿ ಬಾರಿಸುವ ಆತುರ ಹತ್ತಿರುತ್ತದೆ. ಡ್ರಿಲ್ ಒಂದಿಷ್ಟು ಜಾರುತ್ತದೆ, ಸ್ಕ್ರೂ ಟಪ್ಪೆಂದು ಮುರಿಯುತ್ತದೆ. ಗಾಬರಿ ಬೇಡ. ಮರದ ಕೆಲಸದಲ್ಲಿ ದಾರಿಯೇ ಇಲ್ಲದ ತಪ್ಪು ಕಡಿಮೆ. ಆದರೆ ಒಂದು ನಿಯಮ ನೆನಪಿಡಿ: ಕೆಟ್ಟ ತೂತನ್ನು ಹಾಗೇ ಹೊಂದಿಸಿಕೊಳ್ಳಲು ಹೋಗಬಾರದು. ಅಲ್ಲಿ ಮತ್ತೆ ಗಟ್ಟಿ ಮರ ತುಂಬಿ, ಹೊಸದಾಗಿ ಕೊರೆಯಬೇಕು. ಕೆಳಗಿನ ಹಲವು ಸೂತ್ರಗಳು ಈ ಮಾತಿನ ವಿಸ್ತರಣೆ.

1. ಮೊದಲು ಡ್ರಿಲ್ ಕೆಳಗಿಡಿ

ಮೊದಲ ತಪ್ಪಿಗಿಂತ ಅದನ್ನು ಅವಸರದಲ್ಲಿ ಸರಿಮಾಡಲು ಹೋಗಿ ಮಾಡುವ ಎರಡನೇ ತಪ್ಪು ದುಬಾರಿ. ತಂತಿ ಕಟ್ಟಿದ್ದರೆ ಸಡಿಲಿಸಿ. ಕೆಟ್ಟ ಜಾಗದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ತಪ್ಪು ಎಷ್ಟು ಮಿಲಿಮೀಟರ್, ಯಾವ ದಿಕ್ಕಿಗೆ ಎಂದು ಅಳೆದು ಬರೆದುಕೊಳ್ಳಿ. ಸೂಪರ್‌ಗ್ಲೂ ಬಾಟಲಿಯನ್ನು ಅಷ್ಟು ಹೊತ್ತು ದೂರ ಇಡಿ. ಅದು ಮರದೊಳಗೆ ಇಳಿದರೆ ಮುಂದೆ ಬೇರೆ ಗೋಂದು ಹಿಡಿಯುವುದು ಕಷ್ಟ. ಪರಿಹಾರ ಯಾವುದೇ ಇರಲಿ, ಅದೇ ಜಾತಿಯ ಚೂರು ಮರದ ಮೇಲೆ ಒಮ್ಮೆ ಮಾಡಿ ನೋಡಿಯೇ ಗಿಟಾರ್ ಮುಟ್ಟಿ.

2. ಮುರಿದ ಸ್ಕ್ರೂವನ್ನು ಕೆದಕಬೇಡಿ, ಸುತ್ತ ಕೊರೆದು ತೆಗೆಯಿರಿ

ಟ್ಯೂನರ್ ಜೊತೆ ಬರುವ ಪುಟ್ಟ ಸ್ಕ್ರೂಗಳು ಮೆತ್ತನೆಯ ಲೋಹದವು. ಗಟ್ಟಿ ಮರದಲ್ಲಿ ಸ್ವಲ್ಪ ಬಿಗಿಯಾದರೂ ತಲೆ ಕಳಚಿ ಕೈಗೆ ಬರುತ್ತದೆ. ಉಳಿದ ತುಂಡು ಮೇಲೆ ಚಾಚಿದ್ದರೆ ಅದಕ್ಕೆ ಸೋಲ್ಡರಿಂಗ್ ಐರನ್ ತುದಿಯನ್ನು ಕೆಲವು ಕ್ಷಣ ತಾಗಿಸಿ, ಆರಲು ಬಿಟ್ಟು, ಸಣ್ಣ ಇಕ್ಕಳದಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಐರನ್ ಪಾಲಿಶ್‌ಗೆ ತಾಗದಂತೆ ಎಚ್ಚರ ವಹಿಸಿ.

ತುಂಡು ಮರದೊಳಗೇ ಹೂತಿದ್ದರೆ ಸ್ಕ್ರೂಗಿಂತ ಕೊಂಚ ಅಗಲವಾದ ಟೊಳ್ಳು ಉಕ್ಕಿನ ರೋಲ್ ಪಿನ್ ತನ್ನಿ. ಅದರ ಒಂದು ತುದಿಗೆ ಅರದಿಂದ ನಾಲ್ಕು ಹಲ್ಲು ಕೊಯ್ದು ಡ್ರಿಲ್‌ಗೆ ಸಿಕ್ಕಿಸಿ, ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸಿ. ಪಿನ್ ಸ್ಕ್ರೂ ಸುತ್ತಲಿನ ಮರವನ್ನು ಕೊರೆದು ತುಂಡನ್ನು ಸಡಿಲಿಸುತ್ತದೆ. ಎಷ್ಟೋ ಸಲ ಸ್ಕ್ರೂ ತಾನೇ ತಿರುಗಿ ಹೊರಗೆ ಬರುತ್ತದೆ. ಎಷ್ಟು ಆಳಕ್ಕೆ ಹೋಗಬೇಕು ಎಂಬುದಕ್ಕೆ ಪಿನ್ ಮೇಲೆ ಟೇಪಿನ ಗುರುತು ಹಾಕಿರಿ, ಇಲ್ಲವಾದರೆ ಹೆಡ್‌ಸ್ಟಾಕ್‌ನ ಮುಂಭಾಗದಲ್ಲಿ ತೂತು ಕಾಣಿಸೀತು. ಉಳಿದ ಗುಂಡಿಗೆ ಅದೇ ಮರದ ಗೂಟ ಅಂಟಿಸಿ, ಒಣಗಿದ ಮೇಲೆ ಹೊಸ ತೂತು ಹಾಕಿ.

ಮುಂದಿನ ಸ್ಕ್ರೂ ಮುರಿಯದಿರಲು ದಾರಿ ಸುಲಭ. ಥ್ರೆಡ್ ಬಿಟ್ಟು ಸ್ಕ್ರೂನ ನಡುದಂಡ ಎಷ್ಟು ದಪ್ಪವೋ ಅಷ್ಟು ತೂತು ಮೊದಲು ಹಾಕಿ, 2 ಮಿ.ಮೀ. ಸ್ಕ್ರೂಗೆ ಸುಮಾರು 1.5 ಮಿ.ಮೀ. ಸಾಕು. ಅದೇ ಅಳತೆಯ ಉಕ್ಕಿನ ಸ್ಕ್ರೂಗೆ ಮೇಣ ಸವರಿ ಒಮ್ಮೆ ಹಾಕಿ ತೆಗೆಯಿರಿ. ಥ್ರೆಡ್ ಬಿದ್ದ ದಾರಿಯಲ್ಲಿ ಅಂದದ ಸ್ಕ್ರೂ ತಕರಾರಿಲ್ಲದೆ ಇಳಿಯುತ್ತದೆ.

3. ಸಡಿಲ ತೂತಿಗೆ ದಪ್ಪ ಸ್ಕ್ರೂ ಹಾಕಬೇಡಿ

ಸ್ಕ್ರೂ ಸುಮ್ಮನೆ ಸುತ್ತುತ್ತಿದೆ ಎಂದರೆ ಥ್ರೆಡ್ ಹಿಡಿಯಲು ಮರ ಉಳಿದಿಲ್ಲ ಎಂದರ್ಥ. ದಪ್ಪ ಸ್ಕ್ರೂ ಹಾಕಿದರೆ ಇಂದು ಹಿಡಿಯುತ್ತದೆ, ಆದರೆ ಹೆಡ್‌ಸ್ಟಾಕ್ ಅಂಚಿನಲ್ಲಿ ಮರ ಸೀಳಲೂಬಹುದು. ಬಿದಿರಿನ ಕಡ್ಡಿಯನ್ನು ಚೂಪಾಗಿ ಕೆತ್ತಿ, ಮರದ ಗೋಂದು ಸವರಿ, ತೂತಿನೊಳಗೆ ಬಿಗಿಯಾಗಿ ಕೂರಿಸಿ. ಮರುದಿನ ಮಟ್ಟಸವಾಗಿ ಕತ್ತರಿಸಿ ಮತ್ತೆ ಕೊರೆಯಿರಿ. ಟ್ಯೂನರ್‌ನ ಸ್ಕ್ರೂಗೆ ಇಷ್ಟು ಸಾಕು. ಭಾರ ಹೊರುವ ಸ್ಟ್ರಾಪ್ ಬಟನ್‌ಗೆ ಮಾತ್ರ ಸಾಲದು; ಅಲ್ಲಿ ತೂತನ್ನು ಅಗಲಿಸಿ ಗಟ್ಟಿ ಮರದ ಗೂಟವನ್ನೇ ಕೂರಿಸಬೇಕು.

4. ಟ್ಯೂನರ್ ತೂತನ್ನು ದುಂಡು ಅರದಿಂದ ಅಗಲಿಸಬೇಡಿ

ಹಳೇ ಮಾದರಿಯ, ಒತ್ತಿ ಕೂರಿಸುವ ಬುಶಿಂಗ್ ಇರುವ ಟ್ಯೂನರ್‌ಗಳಿಗೆ ಸಾಮಾನ್ಯವಾಗಿ 8.7 ಮಿ.ಮೀ. ಆಸುಪಾಸಿನ ತೂತು ಬೇಕು. ಗ್ರೋವರ್, ಶಾಲರ್ ಮಾದರಿಯ ಮುಚ್ಚಿದ ಟ್ಯೂನರ್‌ಗಳಿಗೆ 10 ಮಿ.ಮೀ. ಟ್ಯೂನರ್ ಕೈಗೆ ಬಂದು, ಅಳೆದು ನೋಡುವ ತನಕ ಕೊರೆಯಬೇಡಿ.

ತೂತು ಚಿಕ್ಕದಾಗಿದ್ದರೆ ರೀಮರ್ ಬಳಸಿ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಅಗಲಿಸಿ. ಅರ ಹಾಕಿದರೆ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ದೊಡ್ಡದಾಗಿದ್ದರೆ, ಹಳೇ ಅಳತೆಯ ಟ್ಯೂನರನ್ನು 10 ಮಿ.ಮೀ. ತೂತಿಗೆ ಹೊಂದಿಸುವ ಕನ್ವರ್ಷನ್ ಬುಶಿಂಗ್‌ಗಳು ಸಿಗುತ್ತವೆ. ಮರಕ್ಕೆ ಕೈಹಚ್ಚುವ ಮೊದಲು ಅವನ್ನು ಪರೀಕ್ಷಿಸಿ. ತೂತು ಸಾಲು ತಪ್ಪಿದ್ದರೆ ಮಾತ್ರ ಗೂಟ ಹೊಡೆದು ಹೊಸದಾಗಿ ಕೊರೆಯಿರಿ. ಆಗಲೂ ಕೆಳಗೆ ಒಂದು ಹಲಗೆಯನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಡ್ರಿಲ್ ಹೊರಬರುವ ಕಡೆ ಮರದ ಚಕ್ಕೆ ಏಳುವುದಿಲ್ಲ.

5. ಬುಶಿಂಗ್‌ಗೆ ಸುತ್ತಿಗೆ ಮುಟ್ಟಿಸಬೇಡಿ

ಬಿಗಿಯಾದ ಬುಶಿಂಗನ್ನು ಬಡಿದು ಇಳಿಸಿದರೆ ಹೆಡ್‌ಸ್ಟಾಕ್ ಮೇಲಿನ ತೆಳು ಹೊದಿಕೆ ಮರ ಬಿರಿಯುತ್ತದೆ. ತೂತಿನ ಬಾಯನ್ನು ರೀಮರ್‌ನಿಂದ ಒಂದೆರಡು ಸುತ್ತು ಸವರಿ, ಕ್ಲಾಂಪ್‌ನ ಎರಡೂ ತುಟಿಗೆ ಮರದ ತುಂಡು ಕೊಟ್ಟು ನಿಧಾನವಾಗಿ ಒತ್ತಿ. ಓರೆಯಾಗಿ ಕೂತಿದ್ದರೆ ಸೋಲ್ಡರಿಂಗ್ ಐರನ್ ತುದಿಯಿಂದ ಲೋಹವನ್ನಷ್ಟೇ ಬಿಸಿ ಮಾಡಿ, ಹಿಂದಿನಿಂದ ಮರದ ಕಡ್ಡಿಯಲ್ಲಿ ತಳ್ಳಿದರೆ ಹೊರಬರುತ್ತದೆ.

6. ಕಿತ್ತುಬಂದ ಪಾಲಿಶ್ ಚಕ್ಕೆಯನ್ನು ಎಸೆಯಬೇಡಿ

ಡ್ರಿಲ್ ತುದಿಗೆ ಎದ್ದ ಚಕ್ಕೆಯನ್ನು ಚಿಮಟದಿಂದ ಎತ್ತಿಡಿ. ಅದನ್ನೇ ಮತ್ತೆ ಅಂಟಿಸಿದರೆ ಗಾಯ ಕಾಣುವುದೇ ಇಲ್ಲ. ಕಳೆದುಹೋಗಿದ್ದರೆ ಮೂಲ ಪಾಲಿಶ್ ಯಾವುದೋ ಅದನ್ನೇ ಹನಿಹನಿಯಾಗಿ ತುಂಬಿ: ಲ್ಯಾಕರ್‌ಗೆ ಲ್ಯಾಕರ್, ಅರಗಿನ ಪಾಲಿಶ್‌ಗೆ ಅರಗು. ಪೂರ್ತಿ ಒಣಗಿದ ಮೇಲೆ ಮಟ್ಟಸ ಮಾಡಿ, 800ರಿಂದ ಶುರುಮಾಡಿ 2000ದ ತನಕ ಸ್ಯಾಂಡ್ ಪೇಪರ್ ಉಜ್ಜಿ ಹೊಳಪು ಕೊಡಿ. ಮುಂದಿನ ಸಲ ಡ್ರಿಲ್ ಬಿಟ್ಟನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ಪಾಲಿಶ್ ಪದರವನ್ನು ಕೊರೆದು, ಆಮೇಲೆ ಮುಮ್ಮುಖ ಮಾಡಿ. ಚಕ್ಕೆ ಏಳುವ ಅಪಾಯ ಬಹಳ ಕಡಿಮೆ.

7. ಬ್ರಿಡ್ಜ್ ಜಾಗ ತಪ್ಪಿದರೆ ಬ್ರಿಡ್ಜ್ ಕೀಳುವುದು ಕೊನೆಯ ದಾರಿ

ಗಿಟಾರ್ ಮಾಡುವವರು ಹೆಚ್ಚು ಹೆದರುವುದು ಈ ತಪ್ಪಿಗೆ. ನಟ್‌ನಿಂದ 12ನೇ ಫ್ರೆಟ್‌ಗೆ ಇರುವ ದೂರದ ಎರಡರಷ್ಟು ಗಿಟಾರ್‌ನ ಸ್ಕೇಲ್. ಆದರೆ ಸ್ಯಾಡಲ್ ಅಷ್ಟೇ ದೂರದಲ್ಲಿ ಕೂತರೆ ಶ್ರುತಿ ಕೂಡುವುದಿಲ್ಲ. ತಂತಿಯನ್ನು ಒತ್ತಿದಾಗ ಅದು ಎಳೆದು ಬಿಗಿಯಾಗುವುದರಿಂದ ಸ್ವರ ಏರುತ್ತದೆ. ಅದಕ್ಕೆ ಸರಿಯಾಗಿ ಸ್ಯಾಡಲ್ ಹಿಂದೆ ಸರಿಯಬೇಕು. 645 ಮಿ.ಮೀ. ಸ್ಕೇಲಿನ ಉಕ್ಕಿನ ತಂತಿಯ ಗಿಟಾರ್‌ನಲ್ಲಿ ತೆಳು ತಂತಿಗೆ ಸುಮಾರು 2 ಮಿ.ಮೀ., ದಪ್ಪ ತಂತಿಗೆ 4ರಿಂದ 5 ಮಿ.ಮೀ. ಹೆಚ್ಚುವರಿ ಬೇಕು. ಸ್ಯಾಡಲ್ ಓರೆಯಾಗಿರುವುದು ಇದೇ ಕಾರಣಕ್ಕೆ.

ತಪ್ಪನ್ನು ಕಿವಿಯಿಂದಲೇ ಅಳೆಯಬಹುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಬರೀ ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದೆ ಹೋಗಬೇಕು, ಕೆಳಗಿದ್ದರೆ ಮುಂದೆ ಬರಬೇಕು.

ವ್ಯತ್ಯಾಸ ಒಂದು ಮಿಲಿಮೀಟರ್ ಒಳಗಿದ್ದರೆ ಅಗಲವಾದ ಸ್ಯಾಡಲ್‌ನ ತಲೆಯನ್ನು ಬೇಕಾದ ಕಡೆಗೆ ಓರೆ ಮಾಡಿ ಅರ ಹಾಕಿದರೆ ಮುಗಿಯಿತು. ಎರಡು ಮೂರು ಮಿಲಿಮೀಟರ್ ಆದರೆ ಸ್ಯಾಡಲ್ ಕೂರುವ ಗಾಡಿಯನ್ನು (ತೋಡನ್ನು) ಅದೇ ಮರದ ಪಟ್ಟಿಯಿಂದ, ಎಳೆಯ ದಿಕ್ಕು ಕೂಡುವಂತೆ ತುಂಬಿ, ಸರಿಯಾದ ಜಾಗದಲ್ಲಿ ಹೊಸ ಗಾಡಿ ಹೊಡೆಯಿರಿ. ಬ್ರಿಡ್ಜ್ ಅಲುಗದ ಕಾರಣ ಮುಂಬದಿಯ ಪಾಲಿಶ್‌ನಲ್ಲಿ ಕಲೆ ಬೀಳುವುದಿಲ್ಲ, ಪಿನ್ ತೂತುಗಳು ಹಾಗೇ ಉಳಿಯುತ್ತವೆ. ಬ್ರಿಡ್ಜ್ ಬೀಟೆಯದಾದರೆ ಹೊಂದುವ ಚೂರು ಹುಡುಕಲು ನಮ್ಮಲ್ಲಿ ದೂರ ಹೋಗಬೇಕಿಲ್ಲ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಹಿಡಿದದ್ದು ಭಾರತದ ಬೀಟೆಯನ್ನೇ.

ಇದೇ ಮಾರ್ಟಿನ್‌ನ 1970ರ ದಶಕದ ಅನೇಕ ಗಿಟಾರ್‌ಗಳಲ್ಲಿ ಬ್ರಿಡ್ಜ್ ಜಾಗ ತಪ್ಪಿದೆ ಎಂಬುದು ರಿಪೇರಿಯವರಿಗೆಲ್ಲ ಗೊತ್ತಿರುವ ಸಂಗತಿ. ಅವನ್ನು ಇಂದಿಗೂ ಗಾಡಿ ತುಂಬಿ, ಹೊಸ ಗಾಡಿ ಹೊಡೆದೇ ಸರಿಮಾಡುತ್ತಾರೆ. 1833ರಿಂದ ಗಿಟಾರ್ ಮಾಡುತ್ತಿರುವ ಮನೆತನಕ್ಕೂ ತಪ್ಪುತ್ತದೆ ಎಂದ ಮೇಲೆ ನೀವು ತಲೆ ತಗ್ಗಿಸಬೇಕಿಲ್ಲ.

8. ಎದ್ದ ಬ್ರಿಡ್ಜ್‌ನ ಸಂದಿಗೆ ಗೋಂದು ಸುರಿಯಬೇಡಿ

ತೆಳು ಕಾಗದದ ಅಂಚು ಬ್ರಿಡ್ಜ್‌ನ ಹಿಂಬದಿಯಲ್ಲಿ ಒಳಗೆ ನುಸುಳಿದರೆ ಅಂಟು ಬಿಟ್ಟಿದೆ. ಆರು ಲೈಟ್ ಗೇಜ್ ಉಕ್ಕಿನ ತಂತಿಗಳ ಒಟ್ಟು ಎಳೆತ 70 ಕಿಲೋ ದಾಟುತ್ತದೆ; ಸಂದಿಗೆ ಇಳಿಸಿದ ಗೋಂದು ಅದನ್ನು ತಡೆಯದು. ಬ್ರಿಡ್ಜನ್ನು ಹದವಾಗಿ ಬಿಸಿಮಾಡಿ, ತೆಳುವಾದ ಚಪ್ಪಟೆ ಚಾಕುವನ್ನು ಮರದ ಎಳೆಯ ದಿಕ್ಕಿಗೆ ಸರಿಸುತ್ತ ಪೂರ್ತಿ ಬಿಡಿಸಿ.

ಆಮೇಲೆ ಕಾರಣ ಹುಡುಕಿ. ಸಾಮಾನ್ಯವಾಗಿ ಮೂರರಲ್ಲಿ ಒಂದು: ಬ್ರಿಡ್ಜ್ ಕೆಳಗೆ ಪಾಲಿಶ್ ಉಳಿದಿದೆ, ತುಸು ಉಬ್ಬಿದ ಮುಂಬದಿಯ ಹಲಗೆಗೆ ಬ್ರಿಡ್ಜ್‌ನ ಚಪ್ಪಟೆ ತಳ ಹೊಂದಿಲ್ಲ, ಇಲ್ಲವೇ ಗೋಂದೇ ತಪ್ಪು. ಪೀಠೋಪಕರಣದ ಮಾಮೂಲಿ ಬಿಳಿ ಗೋಂದು ಸದಾ ಎಳೆತ ಇರುವ ಕಡೆ, ಅದರಲ್ಲೂ ಬಿಸಿಲಿಗೆ ನಿಂತ ಕಾರಿನೊಳಗೆ, ಮೆಲ್ಲಗೆ ಜಾರುತ್ತದೆ. ಹೈಡ್ ಗ್ಲೂ ಅಥವಾ ಹಳದಿ ಅಲಿಫ್ಯಾಟಿಕ್ ಗೋಂದು ಬಳಸಿ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ತಳವನ್ನು ಹೊಸದಾಗಿ ಹೆರೆದು ತಕ್ಷಣ ಅಂಟಿಸಿ, ಒಂದು ದಿನ ಕ್ಲಾಂಪ್ ಬಿಚ್ಚಬೇಡಿ. ಗಾಳಿಯ ತೇವ 45ರಿಂದ 55 ಪ್ರತಿಶತ ಇರುವಾಗ ಈ ಕೆಲಸ ಒಳ್ಳೆಯದು. ಮಳೆಗಾಲದ ಮಂಗಳೂರು, ಉಡುಪಿಯಲ್ಲಿ ಅಂಥ ಗಾಳಿ ಬೇಕಾದರೆ ಎ.ಸಿ. ಕೋಣೆಗೇ ಹೋಗಬೇಕು.

9. ಪಿನ್ ಹಾರುತ್ತಿದ್ದರೆ ಒಳಗೆ ಕ್ಯಾಮೆರಾ ಇಳಿಸಿ ನೋಡಿ

ಪಿನ್ ಮೇಲೆದ್ದು ಬಂದರೆ ಎಲ್ಲರೂ ದೂರುವುದು ಪಿನ್ನನ್ನು. ತಪ್ಪು ಹೆಚ್ಚಾಗಿ ತಂತಿಯ ತುದಿಯ ಗುಂಡಿಯದು. ಅದು ಒಳಗಿನ ಬ್ರಿಡ್ಜ್ ಪ್ಲೇಟ್‌ಗೆ ಒತ್ತಿ ಕೂರಬೇಕು. ಪಿನ್ನಿನ ತುದಿಗೆ ಸಿಕ್ಕಿಕೊಂಡರೆ ತಂತಿ ಬಿಗಿಯಾದಂತೆ ಪಿನ್ನನ್ನು ಮೇಲಕ್ಕೆ ತಳ್ಳುತ್ತದೆ. ಮೊಬೈಲನ್ನು ಒಳಗೆ ಹಿಡಿದು ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದರೆ ತಿಳಿಯುತ್ತದೆ. ಪಿನ್ ಒತ್ತುತ್ತಲೇ ತಂತಿಯನ್ನು ಮೇಲಕ್ಕೆ ಎಳೆಯಿರಿ; ಗುಂಡಿ ಪ್ಲೇಟ್‌ಗೆ ತಾಗಿ ನಿಂತದ್ದು ಕೈಗೇ ಗೊತ್ತಾಗುತ್ತದೆ.

ಇನ್ನೊಂದು ಕಾರಣ ಓರೆಯ ಅಳತೆ. ಪಿನ್‌ಗಳು 3 ಡಿಗ್ರಿ, 5 ಡಿಗ್ರಿ ಎಂಬ ಎರಡು ಓರೆಗಳಲ್ಲಿ ಬರುತ್ತವೆ. 5 ಡಿಗ್ರಿಯ ತೂತಿಗೆ 3 ಡಿಗ್ರಿಯ ಪಿನ್ ಎಂದೂ ಸರಿಯಾಗಿ ಕೂರದು. ರೀಮರ್ ಹೆಚ್ಚಾಗಿ ತಿರುಗಿಸಿ ಪಿನ್ ಆಳಕ್ಕೆ ಇಳಿದಿದ್ದರೆ ಮೊದಲು ಒಂದು ಅಳತೆ ದೊಡ್ಡ ಪಿನ್ ಹುಡುಕಿ. ಸಿಗದಿದ್ದರೆ ಗೂಟ, ಹೊಸ ತೂತು.

10. ನಟ್‌ನ ಗೀರು ಆಳವಾದರೆ ಎಲುಬಿನ ಪುಡಿ ತುಂಬಿ

ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ. ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದಿ ಕಂಡರೆ ಸರಿ. ತಂತಿ ಫ್ರೆಟ್‌ಗೆ ತಾಗಿಕೊಂಡಿದ್ದರೆ ಗೀರು ಆಳವಾಗಿದೆ, ಬಿಟ್ಟ ತಂತಿ ಝೇಂಕರಿಸುತ್ತದೆ. ನಟ್‌ನದೇ ಎಲುಬಿನ ಪುಡಿಯನ್ನು ಗೀರಿಗೆ ತುಂಬಿ ತೆಳು ಸೂಪರ್‌ಗ್ಲೂ ಒಂದು ಹನಿ ಬಿಡಿ, ಗಟ್ಟಿಯಾದ ಮೇಲೆ ಅರದಿಂದ ಹೊಸ ಗೀರು ಹಾಕಿ. ಮೊದಲ ಸೂತ್ರದಲ್ಲಿ ದೂರ ಇಟ್ಟ ಬಾಟಲಿಗೆ ಇಲ್ಲಿ ಕೆಲಸ ಉಂಟು. ಸ್ಯಾಡಲ್ ಹೆಚ್ಚು ಸವೆದಿದ್ದರೆ ಅಡಿಗೆ ಗಟ್ಟಿ ಮರದ ತೆಳು ಪಟ್ಟಿ ತಾತ್ಕಾಲಿಕ; ಹೊಸ ಎಲುಬಿನ ಸ್ಯಾಡಲ್ ಶಾಶ್ವತ.

11. ಜ್ಯಾಕ್‌ಗೆ ಮಾಮೂಲಿ ಡ್ರಿಲ್ ಬಿಟ್ ಬೇಡ

ಪಿಕಪ್‌ನ ಎಂಡ್‌ಪಿನ್ ಜ್ಯಾಕ್‌ಗೆ 12ರಿಂದ 12.7 ಮಿ.ಮೀ. ತೂತು ಬೇಕು. ಇರುವ ಸಣ್ಣ ತೂತಿಗೆ ದೊಡ್ಡ ಬಿಟ್ ಹಾಕಿದರೆ ಅದು ಕಚ್ಚಿಕೊಂಡು ಹಿಂಬದಿಯ ಮರದ ದಿಮ್ಮಿಯನ್ನೇ ಸೀಳಬಹುದು. ರೀಮರ್ ಇಲ್ಲವೇ ಮೆಟ್ಟಿಲು ಬಿಟ್ ಬಳಸಿ. ಬಿಗಿಸುವಾಗ ಜ್ಯಾಕ್ ಒಳಗೆ ಸುತ್ತಿದರೆ ವೈರ್‌ನ ಬೆಸುಗೆ ಕಿತ್ತುಬರುತ್ತದೆ. ಹೊರಗಿನ ಅಡ್ಡ ತೂತಿಗೆ ಅಲೆನ್ ಕೀ ತೂರಿಸಿ ಹಿಡಿದುಕೊಂಡೇ ಜ್ಯಾಕ್‌ನ ನಟ್ ತಿರುಗಿಸಿ.

ಸ್ಯಾಡಲ್ ಅಡಿಯ ಪಿಕಪ್‌ನಲ್ಲಿ ಒಂದು ತಂತಿ ಜೋರು, ಇನ್ನೊಂದು ಕ್ಷೀಣ ಎಂದರೆ ಪಿಕಪ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಗಾಡಿಯ ತಳ ಮತ್ತು ಸ್ಯಾಡಲ್‌ನ ತಳ ಎರಡೂ ಸಪಾಟಾಗಿವೆಯೇ, ಸ್ಯಾಡಲ್ ಕೈಯಲ್ಲೇ ಎತ್ತಿ ತೆಗೆಯುವಷ್ಟು ಸಲೀಸಾಗಿದೆಯೇ ನೋಡಿ. ದೋಷ ಬಹುಪಾಲು ಅಲ್ಲೇ ಇರುತ್ತದೆ.

12. ಶ್ರುತಿಗೆ ಒಂದೇ ಸಲ ಏರಿಸಬೇಡಿ

ರಿಪೇರಿ ಮುಗಿದ ಮೇಲೆ ಆರೂ ತಂತಿಗಳನ್ನು ಮೊದಲು ಎರಡು ಮೂರು ಸ್ವರ ಕೆಳಗೆ ನಿಲ್ಲಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಬ್ರಿಡ್ಜ್‌ನ ಹಿಂಬದಿಗೆ ಕಾಗದ ನುಸುಳಿಸಿ ನೋಡಿ, ಟ್ಯೂನರ್ ಸ್ಕ್ರೂಗಳನ್ನು ಬೆರಳಿನಿಂದ ಅಲುಗಿಸಿ ನೋಡಿ, ಆಮೇಲೆ ಪೂರ್ಣ ಶ್ರುತಿಗೆ ಏರಿಸಿ. 12ನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2.4 ಮಿ.ಮೀ., ತೆಳು ತಂತಿ 1.6 ಮಿ.ಮೀ. ಎತ್ತರದಲ್ಲಿ ನಿಂತರೆ ಕೈಗೆ ಹಿತ. ಕೊನೆಗೆ ಈ ಸಲ ಸರಿಹೋದ ತೂತಿನ ಅಳತೆ, ಸ್ಯಾಡಲ್‌ನ ದೂರ, ಬಳಸಿದ ಗೋಂದು ಎಲ್ಲವನ್ನೂ ಒಂದು ಪ್ಲೈವುಡ್ ಟೆಂಪ್ಲೇಟ್ ಮೇಲೆಯೇ ಬರೆದು ಗೋಡೆಗೆ ನೇತುಹಾಕಿ. ಮುಂದಿನ ಗಿಟಾರ್‌ನಲ್ಲಿ ಡ್ರಿಲ್ ಹಿಡಿಯುವ ಮೊದಲು ಅದನ್ನು ಕೆಳಗಿಳಿಸಿಕೊಳ್ಳಿ.