ವೈಯಾಲಿಕಾವಲ್‌ನಲ್ಲಿ ಮೊದಲ ವಸಂತ: ಯುಗಾದಿಯಿಂದ ಕರಗದವರೆಗೆ, ಹಂತ ಹಂತವಾಗಿ

ವೈಯಾಲಿಕಾವಲ್‌ಗೆ ಹೊಸದಾಗಿ ಮನೆ ಮಾಡಿಕೊಂಡು ಬಂದ ಅನೇಕರು ಬಿಸಿಲು ಏರುತ್ತಿದ್ದಂತೆ ಕಿಟಕಿ ಮುಚ್ಚಿ, ಫ್ಯಾನ್ ಹಾಕಿಕೊಂಡು ಒಳಗೇ ಉಳಿದುಬಿಡುತ್ತಾರೆ. ಅಷ್ಟರಲ್ಲಿ ಹೊರಗೆ ಚೈತ್ರ ಬಂದು ಹೋಗಿರುತ್ತದೆ. ಯುಗಾದಿಯಿಂದ ಹುಣ್ಣಿಮೆಯವರೆಗಿನ ಹದಿನೈದು ದಿನ ಹಳೆಯ ಬೆಂಗಳೂರು ಬೀದಿಯಲ್ಲೇ ಬದುಕುತ್ತದೆ. ಅದಕ್ಕೆ ಯಾರೂ ಆಮಂತ್ರಣ ಪತ್ರಿಕೆ ಕಳಿಸುವುದಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಬಂದವರೆಲ್ಲ ಇಲ್ಲಿ ಮನೆಯವರೇ. ಮೊದಲ ವರ್ಷದವರಿಗೆ ದಾರಿ ತೋರಿಸಲು ಈ ಹಂತಗಳು.

ಬೇಕಾಗುವವು: ತಿಥಿ ಇರುವ ಗೋಡೆ ಕ್ಯಾಲೆಂಡರ್, ಬಟ್ಟೆ ಚೀಲ, ಸ್ಟೀಲ್ ಲೋಟ, ನೀರಿನ ಬಾಟಲಿ, ಒಂದು ಕೊಡೆ. ಕೊಡೆ ಬಿಸಿಲಿಗೂ ಆಯಿತು, ಸಂಜೆ ದಿಢೀರನೆ ಸುರಿಯುವ ಮಾವಿನ ಮಳೆಗೂ ಆಯಿತು.

ಹಂತ 1: ಮೂರು ದಿನ ಗುರುತು ಹಾಕಿ

ಕ್ಯಾಲೆಂಡರಿನಲ್ಲಿ ಚೈತ್ರ ಶುದ್ಧ ಪಾಡ್ಯ ಹುಡುಕಿ. ಅದು ಯುಗಾದಿ. ಅಲ್ಲಿಂದ ನವಮಿ ಎಣಿಸಿದರೆ ರಾಮನವಮಿ, ಹುಣ್ಣಿಮೆ ಎಣಿಸಿದರೆ ಬೆಂಗಳೂರು ಕರಗ. ಇಂಗ್ಲಿಷ್ ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ತಿಥಿ ಬದಲಾಗುವುದಿಲ್ಲ. ಈ ಮೂರನ್ನು ಈಗಲೇ ಗುರುತು ಹಾಕಿಕೊಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ಹಂತ 2: ಬೆಳಿಗ್ಗೆ ಸ್ಯಾಂಕಿ ಕೆರೆಗೆ ನಡೆಯಿರಿ

ಏಪ್ರಿಲ್ ಬೆಂಗಳೂರಿನಲ್ಲಿ ವರ್ಷದ ಅತಿ ಬಿಸಿ ತಿಂಗಳು. ಮಧ್ಯಾಹ್ನದ ಬಿಸಿಲು 34 ಡಿಗ್ರಿ ಮುಟ್ಟುತ್ತದೆ. ಹಾಗಾಗಿ ಬೆಳಗಿನ ಎಂಟರೊಳಗೆ ಸುತ್ತಾಟ ಮುಗಿಸಿ. ಸ್ಯಾಂಕಿ ಕೆರೆ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಊರಿನ ನೀರಿಗಾಗಿ ಕಟ್ಟಿಸಿದ ಈ ಕೆರೆಗೆ, ಪಕ್ಕದ ಸರ್ಕಾರಿ ಶ್ರೀಗಂಧದ ಡಿಪೋದಿಂದಾಗಿ ಗಂಧದ ಕೋಟಿ ಕೆರೆ ಎಂಬ ಹೆಸರೂ ಇತ್ತು.

ಒಂದು ಸುತ್ತು ನಡೆದು, ಕಲ್ಲು ಬೆಂಚಿನ ಮೇಲೆ ಹತ್ತು ನಿಮಿಷ ಫೋನ್ ಮುಟ್ಟದೆ ಕುಳಿತುಕೊಳ್ಳಿ. ಕೋಗಿಲೆಯ ದನಿ ಬಂದ ಕಡೆ ನೋಡಿ. ಹಾಗೆ ಏರುದನಿಯಲ್ಲಿ ಹಾಡುವುದು ಕಪ್ಪು ಮೈ, ಕೆಂಪು ಕಣ್ಣಿನ ಗಂಡು. ಕಂದು ಮೈ ತುಂಬ ಬಿಳಿ ಚುಕ್ಕಿ ಇರುವುದು ಹೆಣ್ಣು. ಪಕ್ಕದಲ್ಲಿ ಕುಳಿತ ಹಿರಿಯರಿಗೆ ಒಂದು ನಮಸ್ಕಾರ ಹೇಳಿ. ಮರುದಿನ ಅವರೇ ನಿಮ್ಮನ್ನು ಮಾತಾಡಿಸುತ್ತಾರೆ.

ಹಂತ 3: ಒಂದು ಮರದ ಗೆಳೆತನ ಮಾಡಿ

ಎಲ್ಲ ಮರಗಳ ಹೆಸರು ಒಟ್ಟಿಗೆ ಕಲಿಯಲು ಹೋಗಬೇಡಿ. ಮೊದಲ ವರ್ಷಕ್ಕೆ ಹೊಂಗೆ ಸಾಕು. ಗುಲಾಬಿ ಬಣ್ಣದ ಟಬೆಬುಯಾ ನೋಡಲು ಊರೆಲ್ಲ ಕ್ಯಾಮೆರಾ ಹಿಡಿದು ಬರುತ್ತದೆ, ಅದು ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಅತಿಥಿ. ಹೊಂಗೆ ಈ ಮಣ್ಣಿನದೇ ಮರ. ಎಲೆ ಉದುರಿಸಿದ ಕೆಲವೇ ದಿನಗಳಲ್ಲಿ ಎಣ್ಣೆ ಹಚ್ಚಿದಂತೆ ಮಿನುಗುವ ಎಳೆಹಸಿರು ತೊಡುತ್ತದೆ. ಹಿಂದೆಯೇ ಬಿಳಿ ಬೆರೆತ ತಿಳಿನೇರಳೆ ಹೂ. ಬೆಳಿಗ್ಗೆ ಮರದಡಿ ನಿಂತರೆ ಜೇನುನೊಣಗಳ ಮೊರೆತ ತಂಬೂರಿ ಶ್ರುತಿಯ ಹಾಗೆ ಕೇಳುತ್ತದೆ. ಕಾಲಡಿ ಪುರಿ ಚೆಲ್ಲಿದಂತೆ ಹೂವಿನ ಹಾಸು. ನಿಮ್ಮ ಬೀದಿಯ ಒಂದು ಹೊಂಗೆಯನ್ನು ಆರಿಸಿಕೊಂಡು ದಿನಕ್ಕೊಮ್ಮೆ ನೋಡಿ.

ಹಂತ 4: ಯುಗಾದಿಗೆ ಬೇವು ತನ್ನಿ, ಚಂದ್ರನನ್ನು ನೋಡಿ

ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ಬಟ್ಟೆ ಚೀಲ ಹಿಡಿದು ಮಲ್ಲೇಶ್ವರದ 8ನೇ ಕ್ರಾಸಿಗೆ ಹೋಗಿ. ಮಾವಿನ ಸೊಪ್ಪು, ಬೇವಿನ ಹೂ, ಮಲ್ಲಿಗೆ ಅಲ್ಲಿ ರಾಶಿ ರಾಶಿ. ಆ ಬಡಾವಣೆಯ ದೊಡ್ಡ ರಸ್ತೆಗಳಲ್ಲಿ ಒಂದಕ್ಕೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಮಾರ್ಗೋಸಾ, ಅಂದರೆ ಬೇವಿನ ಹೆಸರು. 1898ರ ಪ್ಲೇಗ್ ನಂತರ ಗಾಳಿ ಬೆಳಕಿಗೆಂದು ಬೆಳೆಸಿದ ಬಡಾವಣೆ ಮರಗಳ ಹೆಸರನ್ನೇ ಹೊತ್ತುಕೊಂಡಿತು.

ಹಬ್ಬದ ದಿನ ವೈಯಾಲಿಕಾವಲ್‌ನ ಟಿಟಿಡಿ ದೇವಸ್ಥಾನದಲ್ಲಿ ಜನಸಂದಣಿ ಹೆಚ್ಚು, ಬೇಗ ಹೊರಡಿ. ಬೇವು ಬೆಲ್ಲವನ್ನು ಚಿಕ್ಕ ಬಟ್ಟಲಿನಲ್ಲಿ ಅಕ್ಕಪಕ್ಕದ ಮನೆಗಳಿಗೆ ಕೊಡಿ. ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ನೆಪ ವರ್ಷದಲ್ಲಿ ಇನ್ನೊಂದಿಲ್ಲ. ಮರುದಿನ ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಮಹಡಿ ಹತ್ತಿ ಪಶ್ಚಿಮಕ್ಕೆ ನೋಡಿ. ಉಗುರಿನಷ್ಟು ತೆಳುವಾದ ಚಂದ್ರ ಸ್ವಲ್ಪವೇ ಹೊತ್ತು ಕಾಣುತ್ತಾನೆ. ಪಕ್ಕದ ಮಹಡಿಗಳಲ್ಲೂ ಜನ ಬೆರಳು ತೋರಿಸುತ್ತಾ ನಿಂತಿರುತ್ತಾರೆ. ಕಂಡ ಮೇಲೆ ಹಿರಿಯರಿಗೆ ನಮಸ್ಕರಿಸುವುದು ವಾಡಿಕೆ.

ಹಂತ 5: ರಾಮನವಮಿಗೆ ಲೋಟ ಹಿಡಿದು ಹೊರಡಿ

ಆ ದಿನ ಬೀದಿ ಬೀದಿಯಲ್ಲೂ ಪೆಂಡಾಲ್. ಪಾನಕ, ನೀರು ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಯಾರ ಮನೆಯವರು, ಯಾವ ಜಾತಿಯವರು ಎಂದು ಕೇಳುವವರಿಲ್ಲ. ಸಂಕೋಚ ಬಿಟ್ಟು ಸಾಲಿನಲ್ಲಿ ನಿಲ್ಲಿ, ನಿಮ್ಮ ಲೋಟ ಚಾಚಿ. ಮೊದಲು ಬೆಲ್ಲದ ಸಿಹಿ, ಆಮೇಲೆ ಏಲಕ್ಕಿಯ ಘಮ, ಕೊನೆಗೆ ಗಂಟಲಲ್ಲಿ ಶುಂಠಿ ಮೆಣಸಿನ ಖಾರ. ಬಿಸಿಲಿಗೆ ಬಾಡಿದ ಮೈ ಅಲ್ಲೇ ಚೇತರಿಸಿಕೊಳ್ಳುತ್ತದೆ.

ಮನೆಯಲ್ಲಿ ಮಾಡಲು: 1 ಲೀಟರ್ ನೀರಿಗೆ 150 ಗ್ರಾಂ ಬೆಲ್ಲ ಕರಗಿಸಿ ಸೋಸಿ. ಅರ್ಧ ಚಮಚ ಒಣಶುಂಠಿ ಪುಡಿ, 4 ಏಲಕ್ಕಿ, 6 ಕಾಳುಮೆಣಸು ಕುಟ್ಟಿ ಹಾಕಿ, ಅರ್ಧ ನಿಂಬೆ ಹಿಂಡಿ. ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆನೆಸಿ, ಸೌತೆಕಾಯಿ, ತೆಂಗಿನ ತುರಿ ಬೆರೆಸಿ ಒಗ್ಗರಣೆ ಕೊಡಿ. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ.

ಹಂತ 6: ಒಂದು ಸಂಜೆ ಕಛೇರಿಗೆ ಕೂರಿ

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಸುಮಾರು ಒಂದು ತಿಂಗಳು ನಡೆಯುತ್ತದೆ. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಆರಂಭಿಸಿದ್ದು ಇದು. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ವೇದಿಕೆ. ಸಂಪಿಗೆ ರಸ್ತೆ ನಿಲ್ದಾಣದಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಿರಿ. ಟಿಕೆಟ್ ವಿಷಯ ಮೊದಲೇ ವಿಚಾರಿಸಿಕೊಳ್ಳಿ. ರಾಗ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಪಕ್ಕದವರ ಕೈ ನೋಡಿ ತಾಳ ಹಾಕಿದರೆ ಅದೇ ಮೊದಲ ಪಾಠ.

ಹಂತ 7: ಹುಣ್ಣಿಮೆ ರಾತ್ರಿ ಕರಗ ನೋಡಿ

ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ಮಧ್ಯಾಹ್ನವೇ ಒಂದು ನಿದ್ದೆ ತೆಗೆಯಿರಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ದೇವಸ್ಥಾನದ ಬಾಗಿಲಿಗೆ ನುಗ್ಗದೆ ಮೆರವಣಿಗೆಯ ದಾರಿಯಲ್ಲಿ ಅಗಲವಾದ ಜಾಗ ಹಿಡಿಯಿರಿ. ಆ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ, ವಾಪಸ್ ಬರುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಮಲ್ಲಿಗೆಯ ಪರಿಮಳ ಮೊದಲು ಬರುತ್ತದೆ, ಕತ್ತಿ ಹಿಡಿದ ವೀರಕುಮಾರರು ಆಮೇಲೆ, ಅವರ ನಡುವೆ ಹೂವಿನ ಕರಗ. ಅದು ಹಜರತ್ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ನಿಂತು ಮುಂದೆ ಹೋಗುತ್ತದೆ. ಆ ಗಳಿಗೆಯನ್ನು ಕಣ್ಣಾರೆ ನೋಡಿ. ಈ ಊರು ಏನೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಂತ 8: ಮುಂದಿನ ವರ್ಷ ಸೌಟು ಹಿಡಿಯಿರಿ

ಮೊದಲ ವರ್ಷ ಲೋಟ ಚಾಚಿದಿರಿ. ಎರಡನೆಯ ವರ್ಷ ರಾಮನವಮಿಯ ಬೆಳಿಗ್ಗೆ ಪೆಂಡಾಲಿನವರ ಬಳಿ ಹೋಗಿ, ‘ಏನಾದರೂ ಕೆಲಸ ಕೊಡಿ’ ಎಂದು ಕೇಳಿ. ಸೌತೆಕಾಯಿ ಹೆಚ್ಚಲು, ಬೆಲ್ಲ ಪುಡಿ ಮಾಡಲು ಅಲ್ಲಿ ಯಾವಾಗಲೂ ಒಂದು ಕೈ ಕಡಿಮೆಯೇ. ಬಿದ್ದ ಕಾಗದದ ಲೋಟಗಳನ್ನು ಆರಿಸಿ ಚೀಲಕ್ಕೆ ಹಾಕುವುದೂ ಸೇವೆಯೇ. ಆ ಬೀದಿ ಆಮೇಲೆ ನಿಮ್ಮದಾಗುತ್ತದೆ. ಈ ಚೈತ್ರಕ್ಕೆ ಬನ್ನಿ, ಬರುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ.