ಇಂದಿನ ಧಮ್ಮ ಚಿಂತನೆ: ಬಿಡಿಸಿಕೊಳ್ಳಲು ಎತ್ತಿದ ಕೈ





ನಮಗಿಂತ ಎರಡು ಪಟ್ಟು ದೊಡ್ಡವನು ನಮ್ಮ ಮೇಲೆ ಕೈ ಮಾಡಿದಾಗ ನಾವು ತಿರುಗಿ ಹೊಡೆದರೆ ಶೀಲ ಮುರಿಯುತ್ತದೆಯೇ?

ಕಳೆದ ಭಾನುವಾರ ನಮ್ಮ ಅಧ್ಯಯನ ವೃತ್ತದ ಒಬ್ಬ ತಂಗಿ ಈ ಪ್ರಶ್ನೆ ಕೇಳಿದಳು. ಅವಳಿಗೆ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಅಂಗಡಿ ಬಾಗಿಲು ಹಾಕಿ ಮೆಜೆಸ್ಟಿಕ್‌ಗೆ ನಡೆದು ಬರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ ಆಗುತ್ತದೆ. ಅಂದು ರೈಲ್ವೆ ಸ್ಟೇಷನ್ ಕಡೆಯ ಸಬ್‌ವೇ ಮೆಟ್ಟಿಲಲ್ಲಿ ದಢೂತಿ ಆಸಾಮಿಯೊಬ್ಬ ಅವಳ ಕೈ ಹಿಡಿದು ಎಳೆದ. ಅವಳು ಊಟದ ಡಬ್ಬಿಯಿಂದ ಅವನ ಮುಖಕ್ಕೆ ಬಾರಿಸಿ, ಕೂಗಿಕೊಂಡು ಬಸ್ ಸ್ಟ್ಯಾಂಡಿನ ಬೆಳಕಿನ ಕಡೆಗೆ ಓಡಿದಳು. ಅವನ ಮೂಗಿನಿಂದ ರಕ್ತ ಬಂದದ್ದನ್ನು ಅವಳು ನೋಡಿದ್ದಾಳೆ. ಅಂದಿನಿಂದ ಸರಿಯಾಗಿ ನಿದ್ದೆ ಇಲ್ಲ. ಮನೆಯಲ್ಲಿ ತಾಯಿ "ಆ ಕೆಲಸವೇ ಬೇಡ, ಬಿಟ್ಟುಬಿಡು" ಎನ್ನುತ್ತಿದ್ದಾರೆ.

"ಅಕ್ಕಾ, ದಿನಾ ಬೆಳಗ್ಗೆ ಪಂಚಶೀಲ ಹೇಳ್ತೀನಿ. ಆದ್ರೂ ಒಬ್ಬರ ರಕ್ತ ಬರಿಸಿಬಿಟ್ಟೆ. ನಾನು ಹಿಂಸೆ ಮಾಡಿದ ಹಾಗಾಯ್ತಾ?" ಎಂದು ಅವಳು ಕೇಳಿದಳು.

ನಾನು ಕೊಟ್ಟ ಉತ್ತರವನ್ನು ಬರೆದು ಕಳಿಸಿ ಎಂದು ಹಲವರು ಹೇಳಿದ್ದರಿಂದ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

*1. ಶೀಲ ನೋಡುವುದು ಮನಸ್ಸನ್ನು*

ಜೀವಹತ್ಯೆಯಿಂದ ದೂರವಿರುತ್ತೇನೆ ಎಂಬುದು ನಮ್ಮ ಮೊದಲ ಶೀಲ. ಅದರಲ್ಲಿ ಬುದ್ಧರು ಮುಖ್ಯವಾಗಿ ನೋಡುವುದು ಚೇತನವನ್ನು, ಅಂದರೆ ಕೆಲಸದ ಹಿಂದಿರುವ ಉದ್ದೇಶವನ್ನು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಕೊಲ್ಲಬೇಕೆಂಬ ಇಚ್ಛೆ ಬೇರೆ, ಬೇರೆ ದಾರಿಯೇ ಇಲ್ಲದೆ ಬಂದೊದಗುವ ಅಗತ್ಯ ಬೇರೆ ಎಂದು ಅವರು ಬಿಡಿಸಿ ಹೇಳುತ್ತಾರೆ. ಬುದ್ಧರ ಅಹಿಂಸೆ ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಲ್ಲ, ವಿವೇಕದಿಂದ ನಡೆಸಿಕೊಳ್ಳುವ ತತ್ವ ಎಂಬುದು ಅವರ ವಿವರಣೆ.

'ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್' ಲೇಖನದಲ್ಲಿ ಅವರು ವೈಶಾಲಿಯ ಸೇನಾಪತಿ ಸಿಂಹನ ಪ್ರಸಂಗವನ್ನು ತರುತ್ತಾರೆ. ಅಹಿಂಸೆ ಎಂದರೆ ಅಪರಾಧಿಯನ್ನು ದಂಡಿಸಬಾರದೆ, ಹೆಂಡತಿ ಮಕ್ಕಳನ್ನು ಕಾಪಾಡಲು ಹೋರಾಡಬಾರದೆ ಎಂಬುದು ಸಿಂಹನ ಸಂಶಯ. ಶಾಂತಿಯ ದಾರಿಗಳೆಲ್ಲ ಮುಗಿದ ಮೇಲೆ ನ್ಯಾಯಕ್ಕಾಗಿ ಎದ್ದು ನಿಂತವನನ್ನು ದೂಷಿಸಲಾಗದು, ದುಷ್ಟಶಕ್ತಿಗೆ ಶರಣಾಗಬಾರದು ಎಂಬುದು ಬುದ್ಧರ ಉತ್ತರದ ಸಾರ. ಆದರೆ ಹೋರಾಟದಲ್ಲಿ ಸ್ವಾರ್ಥವಾಗಲಿ ದ್ವೇಷವಾಗಲಿ ಇರಬಾರದು.

*2. ಭಿಕ್ಕುಗಳಿಗೂ ಇರುವ ಒಂದು ಅವಕಾಶ*

ವಿನಯ ಪಿಟಕದ ಪಾಚಿತ್ತಿಯ ನಿಯಮಗಳಲ್ಲಿ 74ನೆಯದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಆರು ಜನರ ಗುಂಪಿನ ಭಿಕ್ಕುಗಳು ಸಿಟ್ಟಿನಿಂದ ಹದಿನೇಳು ಜನ ಎಳೆಯ ಭಿಕ್ಕುಗಳಿಗೆ ಹೊಡೆದರು. ಆ ಎಳೆಯರು ಅಳುತ್ತಿದ್ದರು. ಆಗ ಬುದ್ಧರು, ಒಬ್ಬ ಭಿಕ್ಕು ಕೋಪದಿಂದ ಇನ್ನೊಬ್ಬ ಭಿಕ್ಕುವಿಗೆ ಹೊಡೆದರೆ ಅದು ದೋಷ ಎಂದು ನಿಯಮ ಮಾಡಿದರು. ದೊಡ್ಡವರು ಚಿಕ್ಕವರಿಗೆ ಹೊಡೆದದ್ದರಿಂದಲೇ ಈ ನಿಯಮ ಹುಟ್ಟಿತು ಎಂಬುದನ್ನು ಗಮನಿಸಿ.

ಆದರೆ ನಿಯಮದ ವಿವರಣೆಯಲ್ಲಿ ಒಂದು ವಿನಾಯಿತಿ ಇದೆ. ಯಾರಾದರೂ ಪೀಡಿಸುತ್ತಿರುವಾಗ, ಅವರಿಂದ ಬಿಡಿಸಿಕೊಳ್ಳುವ ಉದ್ದೇಶದಿಂದ ಭಿಕ್ಕು ಹೊಡೆದರೆ ಅವನ ಮೇಲೆ ದೋಷವಿಲ್ಲ. ಅಲ್ಲಿ ಬರುವ ಪಾಲಿ ಪದ 'ಮೋಕ್ಖ', ಎಂದರೆ ಬಿಡುಗಡೆ. ಪೆಟ್ಟು ಎರಡು ಕಡೆಯೂ ಒಂದೇ. ಕೋಪದಿಂದ ಹೊಡೆದದ್ದು ದೋಷ, ಬಿಡುಗಡೆಗಾಗಿ ಹೊಡೆದದ್ದು ದೋಷವಲ್ಲ.

ಮನೆಬಿಟ್ಟು ಚೀವರ ಉಟ್ಟ ಭಿಕ್ಕುವಿಗೇ ಇಷ್ಟು ಅವಕಾಶವಿದ್ದರೆ, ರಾತ್ರಿ ಒಂಬತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿಯಬೇಕಾದ ಉಪಾಸಿಕೆಗೆ ಇಲ್ಲವೇ? ತಂಗಿಗೆ ನಾನು ಹೇಳಿದ್ದು ಇಷ್ಟೇ: "ನಿನ್ನ ಶೀಲ ಮುರಿದಿಲ್ಲಮ್ಮ. ನೀನು ಒಂದೇ ಏಟು ಹೊಡೆದೆ, ಕೈ ಬಿಡ್ತು, ಓಡಿದೆ. ಇನ್ನೊಂದು ಏಟು ಕೊಡೋಕೆ ನಿಲ್ಲಲಿಲ್ಲ. ನಿನ್ನ ಮನಸ್ಸು ಏನು ಬಯಸಿತ್ತು ಅನ್ನೋದಕ್ಕೆ ಅದೇ ಸಾಕ್ಷಿ."

*3. ಚಿಕ್ಕವರ ಲೆಕ್ಕವೇ ಬೇರೆ*

ಬಿಡುಗಡೆಯೇ ಗುರಿ ಎಂಬುದು ಧಮ್ಮದ ಮಾತು ಮಾತ್ರವಲ್ಲ. ಬದುಕಿ ಉಳಿಯುವ ಉಪಾಯವೂ ಅದೇ. 50 ಕಿಲೋ ತೂಕದವರು 90 ಕಿಲೋ ತೂಕದವನ ಜೊತೆ ಕುಸ್ತಿಗೆ ನಿಂತರೆ ಹೊತ್ತು ಕಳೆದಂತೆಲ್ಲ ಅವನಿಗೇ ಅನುಕೂಲ. ಅವನನ್ನು ಸೋಲಿಸುವ ಯೋಚನೆ ಬಿಡಬೇಕು. ಎರಡು ಮೂರು ಸೆಕೆಂಡು ಹಿಡಿತ ಸಡಿಲವಾದರೆ ಸಾಕು.

ಮಣಿಕಟ್ಟು ಹಿಡಿದರೆ ನೇರ ಹಿಂದಕ್ಕೆ ಜಗ್ಗಬೇಡಿ. ಹಿಡಿದವನ ಹೆಬ್ಬೆರಳು ಮತ್ತು ಬೆರಳುಗಳು ಕೂಡುವ ಕಡೆ ಹಿಡಿತ ದುರ್ಬಲ. ಕೈಯನ್ನು ಆ ಕಡೆ ತಿರುಗಿಸಿ ಜೋರಾಗಿ ಎಳೆದುಕೊಳ್ಳಿ. ಮೈಗೆ ಮೈ ತಾಗಿಸಿ ಸೆಣಸಬೇಡಿ. ಹೊಡೆಯಲೇಬೇಕಾದರೆ ಮೂಗು, ಮೊಣಕಾಲು, ಪಾದದ ಮೇಲ್ಭಾಗ ಇವು ಎಷ್ಟೇ ದೊಡ್ಡ ಮೈಯವನಿಗೂ ನೋಯುವ ಜಾಗಗಳು. ಬಾಯಿ ತೆರೆದು ಕೂಗಿ. ಕತ್ತಲ ಕಡೆ ಓಡಬೇಡಿ. ಕಂಡಕ್ಟರು, ಡ್ರೈವರು, ಹೂ ಮಾರುವವರು, ಟೀ ಅಂಗಡಿಯವರು ಇರುವ ಕಡೆಗೆ ಓಡಿ. ಬ್ಯಾಗು ಕೇಳಿದರೆ ಬ್ಯಾಗು ಬಿಟ್ಟುಬಿಡಿ, ಅದನ್ನು ಮತ್ತೆ ಕೊಳ್ಳಬಹುದು.

ಇದರಲ್ಲಿ ಹೇಡಿತನವೇನೂ ಇಲ್ಲ. ಚಿಕ್ಕವನ ಬಲ ಅವನ ತೋಳಿನಲ್ಲಿ ಮಾತ್ರ ಇರುವುದಿಲ್ಲ, ನೋಡುವ ಹತ್ತು ಜನರ ಕಣ್ಣಿನಲ್ಲೂ ಇರುತ್ತದೆ. ಓಡುವುದು ಆ ಬಲವನ್ನು ತಲುಪುವುದಕ್ಕಾಗಿ.

*4. ಊರಿಗೆ ಊರೇ ಮೇಲೆ ಬಿದ್ದಾಗ*

ಒಬ್ಬ ದೊಡ್ಡ ಆಳಿನಿಂದ ಬಿಡಿಸಿಕೊಳ್ಳುವುದು ಹೀಗಾಯಿತು. ಆದರೆ ನಮ್ಮ ಜನರ ಮೇಲೆ ಎಷ್ಟೋ ಸಲ ಊರೇ ಎರಗಿ ಬಂದಿದೆ. ಅಲ್ಲಿಯೂ ಇದೇ ಪಾಠ ನಡೆಯುತ್ತದೆಯೇ? ಮಹಾಡ್ ನೋಡೋಣ.

1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಬೋಲೆ ನಿರ್ಣಯವನ್ನು ಅಂಗೀಕರಿಸಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಆದರೂ ಕೆರೆಯ ಹತ್ತಿರ ಹೋಗುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ನೇತೃತ್ವದಲ್ಲಿ ಸಾವಿರಾರು ಜನ ಚವದಾರ್ ಕೆರೆಗೆ ಮೆರವಣಿಗೆಯಲ್ಲಿ ಹೋಗಿ ನೀರು ಕುಡಿದರು. ಅಷ್ಟರಲ್ಲಿ ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ಸುಳ್ಳು ಸುದ್ದಿ ಹಬ್ಬಿತು. ದೊಣ್ಣೆ ಹಿಡಿದ ಗುಂಪು ಪೆಂಡಾಲಿಗೆ ನುಗ್ಗಿ, ಊಟ ಮಾಡುತ್ತಿದ್ದವರನ್ನೂ ಗಲ್ಲಿಗಳಲ್ಲಿ ಒಂಟಿಯಾಗಿ ಸಿಕ್ಕವರನ್ನೂ ಬಡಿಯಿತು. ಕೆಲವರು ಮುಸ್ಲಿಮರ ಮನೆಗಳಲ್ಲಿ ಆಶ್ರಯ ಪಡೆದರು.

ನಮ್ಮವರಲ್ಲಿ ಸೈನ್ಯದಲ್ಲಿ ದುಡಿದು ಬಂದವರಿದ್ದರು. ತಿರುಗಿ ಬೀಳಲು ಅವರ ಕೈ ತವಕಿಸುತ್ತಿತ್ತು. ಬಾಬಾಸಾಹೇಬರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಆ ಮಾತು ಹೇಳಲಿಲ್ಲ, ಜನರನ್ನು ತಡೆದರು. ಸತ್ತುಹೋಗುವ ಹೊತ್ತಿನಲ್ಲೂ ಸುಮ್ಮನೆ ಹೊಡೆಸಿಕೊಳ್ಳಿ ಎಂಬುದು ಇದರ ಅರ್ಥವಲ್ಲ. ಹೊಡೆತ ತಿಂದ ಮೇಲೆ ಸೇಡಿಗೆ ಹೊರಟರೆ, ಹಳ್ಳಿ ಹಳ್ಳಿಯಲ್ಲಿ ಚದುರಿ ಒಂಟಿಯಾಗಿರುವ ನಮ್ಮ ಮನೆಗಳೇ ಅದರ ಬೆಲೆ ತೆರಬೇಕಾಗುತ್ತಿತ್ತು. ಕೇಸಿನಲ್ಲಿ ಆರೋಪಿಗಳೂ ನಾವೇ ಆಗುತ್ತಿದ್ದೆವು.

ಅವರು ಹಿಡಿದದ್ದು ಇನ್ನೊಂದು ದಾರಿ. ಹಲ್ಲೆಯ ಕೇಸು ನಡೆದು ಅದೇ ವರ್ಷ ಜೂನ್‌ನಲ್ಲಿ ಐವರಿಗೆ ನಾಲ್ಕು ತಿಂಗಳ ಕಠಿಣ ಸಜೆಯಾಯಿತು. ಡಿಸೆಂಬರ್‌ನಲ್ಲಿ ಜನ ಮತ್ತೆ ಮಹಾಡಿಗೆ ಬಂದರು, ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟರು. ಕೆರೆಯ ಮೇಲೆ ಹೂಡಿದ್ದ ದಾವೆ ಕೋರ್ಟಿನಿಂದ ಕೋರ್ಟಿಗೆ ಹೋಗಿ, 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟ್ ನಮ್ಮ ಪರವಾಗಿ ತೀರ್ಪು ಕೊಟ್ಟಿತು. ಸಂಜೆ ಅರ್ಧ ಗಂಟೆಯಲ್ಲಿ ತೀರಿಸಿಕೊಳ್ಳಬಹುದಾಗಿದ್ದ ಸಿಟ್ಟನ್ನು ಹತ್ತು ವರ್ಷದ ಕೆಲಸವಾಗಿ ಮಾರ್ಪಡಿಸಿದರು.

*5. ನಮ್ಮ ನಾಡಿನ ಎರಡು ಊರು*

ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಕೇರಿಗೆ ನುಗ್ಗಿ ಜನರನ್ನು ಹೊಡೆದು ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಅಲ್ಲಿ ಕೇಸು ನಿಂತಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ನಂತರ ಮೇಲ್ಮನವಿ ಹೈಕೋರ್ಟಿಗೆ ಹೋಯಿತು, ಶಿಕ್ಷೆಗೊಳಗಾದ ಬಹುತೇಕರಿಗೆ ಜಾಮೀನೂ ಸಿಕ್ಕಿತು. ಒಂದು ತೀರ್ಪಿಗೆ ಎಲ್ಲವೂ ಮುಗಿಯುವುದಿಲ್ಲ ಎಂಬುದೂ ನಮಗೆ ತಿಳಿದಿರಬೇಕು.

ಸಾಕ್ಷಿ ನಿಲ್ಲದ ಕಡೆ ಏಳು ಜೀವ ಹೋದರೂ ಶಿಕ್ಷೆಯಾಗಲಿಲ್ಲ. ಬಲಾಢ್ಯರ ನಡುವೆಯೇ ಬದುಕುತ್ತಾ ಸಾಕ್ಷಿ ಹೇಳುವುದು ಎಷ್ಟು ಕಷ್ಟ ಎಂಬುದು ಹಳ್ಳಿಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಆದ್ದರಿಂದ ತಿರುಗಿಬಿದ್ದವರನ್ನು ಬಯ್ಯುವುದರಿಂದ ಪ್ರಯೋಜನವಿಲ್ಲ. ಸಾಕ್ಷಿಯ ಮನೆಗೆ ಅಕ್ಕಿ, ಮಕ್ಕಳಿಗೆ ಶಾಲೆ, ಕೋರ್ಟಿಗೆ ಹೋಗುವ ದಿನ ಜೊತೆಗೆ ನಾಲ್ಕು ಜನ, ಇವನ್ನು ಒದಗಿಸುವುದು ಸಂಘದ ಕೆಲಸ. "ಸಂಘಕ್ಕೆ ಶರಣು" ಎಂದು ನಾವು ದಿನವೂ ಹೇಳುತ್ತೇವೆ. ಶರಣು ಬಂದವರಿಗೆ ನೆರಳು ಕೊಡುವಷ್ಟು ನಮ್ಮ ಸಂಘ ಗಟ್ಟಿಯಾಗಿರಬೇಕು.

*6. ಕಾನೂನಿನಲ್ಲಿ ನಮಗಿರುವ ಹಕ್ಕು*

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಸ್ವರಕ್ಷಣೆಯ ಹಕ್ಕಿನವು. ನಮ್ಮ ಮೈಯನ್ನು ಮಾತ್ರವಲ್ಲ, ಇನ್ನೊಬ್ಬರ ಮೈಯನ್ನು ಕಾಪಾಡಲೂ ಈ ಹಕ್ಕಿದೆ. ಮೊದಲ ಏಟು ಬೀಳುವವರೆಗೆ ಕಾಯಬೇಕಿಲ್ಲ, ಅಪಾಯವಿದೆ ಎಂದು ಸಕಾರಣವಾಗಿ ಅನ್ನಿಸಿದಾಗಲೇ ಹಕ್ಕು ಶುರುವಾಗುತ್ತದೆ. ಆದರೆ ಎರಡು ಮಿತಿಗಳಿವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ನೋವು ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲ. ವಿನಯದ ನಿಯಮವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಬಿಡುಗಡೆ ಸಿಕ್ಕ ಮೇಲೆ ಕೊಡುವ ಏಟು ರಕ್ಷಣೆಯದ್ದಲ್ಲ, ಕೋಪದ್ದು.

ದಾಳಿ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದೇ ಝೀರೋ ಎಫ್‌ಐಆರ್. ಪರಿಶಿಷ್ಟರ ಮೇಲೆ ಪರಿಶಿಷ್ಟರಲ್ಲದವರು ಎಸಗುವ ದೌರ್ಜನ್ಯಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರ 18ಎ ಕಲಂ ಪ್ರಕಾರ ಎಫ್‌ಐಆರ್ ದಾಖಲಿಸಲು ಮೊದಲು ವಿಚಾರಣೆ ನಡೆಸಬೇಕಾಗಿಲ್ಲ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡುವ 15ಎ ಕಲಂ 2015ರ ತಿದ್ದುಪಡಿಯಲ್ಲಿ ಸೇರಿತು. ಕಂಬಾಲಪಲ್ಲಿಯವರು ಸಾಕ್ಷಿಕಟ್ಟೆ ಹತ್ತಿದಾಗ ಅದು ಇರಲಿಲ್ಲ. ತುರ್ತಿಗೆ 112, ದೌರ್ಜನ್ಯದ ದೂರಿಗೆ 14566. ಎರಡನ್ನೂ ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

*7. ಕೈ ಬಿಟ್ಟ ಮೇಲೂ ಬಿಡದ ಹಿಡಿತ*

ಮಣಿಕಟ್ಟು ಬಿಡಿಸಿಕೊಂಡರೂ ಭಯ ಉಳಿಯುತ್ತದೆ. "ನಾನು ಆ ಹೊತ್ತಿಗೆ ಅಲ್ಲಿಗೆ ಹೋಗಬಾರದಿತ್ತೇನೋ" ಎಂಬ ನಾಚಿಕೆ ಉಳಿಯುತ್ತದೆ. ಅವನನ್ನು ನೆನೆದು ಕುದಿಯುವ ದ್ವೇಷ ಉಳಿಯುತ್ತದೆ. ಈ ಮೂರೂ ಅವನ ಬೆರಳುಗಳೇ. ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಅವನು ಒಂದು ಕ್ಷಣ ಹಿಡಿದ ಕೈಯನ್ನು ಬದುಕಿಡೀ ಹಿಡಿದಂತಾಗುತ್ತದೆ. ತಾಯಿಯ ಭಯ ನಿಜವಾದದ್ದು, ಅದನ್ನು ತಳ್ಳಿಹಾಕಬಾರದು. ಆದರೆ ಅದಕ್ಕೆ ಪರಿಹಾರ ಜೊತೆಗೆ ನಡೆಯುವ ಜನ. ಈ ವಾರದಿಂದ ನಮ್ಮ ವೃತ್ತದ ಇಬ್ಬರು, ಅದೇ ದಾರಿಯಲ್ಲಿ ಕೆಲಸ ಮುಗಿಸಿ ಬರುವವರು, ಅವಳ ಜೊತೆ ಬಸ್ಸಿನವರೆಗೆ ಬರುತ್ತಿದ್ದಾರೆ.

*ಇಂದಿನ ಅಭ್ಯಾಸ*

• ಐದು ನಿಮಿಷ ಕುಳಿತು ಉಸಿರನ್ನು ಗಮನಿಸಿ. ನಿಮ್ಮನ್ನು ನೋಯಿಸಿದವರೊಬ್ಬರು ನೆನಪಾದರೆ ಕೇಳಿಕೊಳ್ಳಿ: ನನಗೆ ಬೇಕಾಗಿರುವುದು ಬಿಡುಗಡೆಯೋ, ಸೇಡೋ?

• ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಮಣಿಕಟ್ಟು ಬಿಡಿಸಿಕೊಳ್ಳುವುದನ್ನು ಇಂದು ಹತ್ತು ಸಲ ಮಾಡಿಸಿ.

• ನಿಮ್ಮ ಬೀದಿಯಲ್ಲಿ, ಕೆಲಸದ ಜಾಗದಲ್ಲಿ ರಾತ್ರಿ ಒಂಟಿಯಾಗಿ ಹೋಗುವವರು ಯಾರು ಎಂದು ನೋಡಿ. ಅವರ ಜೊತೆ ಹೆಜ್ಜೆ ಹಾಕಿ.

• ಕೋರ್ಟಿನಲ್ಲಿ ಕೇಸು ನಡೆಸುತ್ತಿರುವ ನಮ್ಮವರ ಕುಟುಂಬ ಗೊತ್ತಿದ್ದರೆ ಮುಂದಿನ ತಾರೀಖು ಯಾವಾಗ ಎಂದು ವಿಚಾರಿಸಿ. ಆ ದಿನ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಮಾತಾಡದಿದ್ದರೂ ಸರಿ.

ಎಲ್ಲರೂ ಭಯದಿಂದ ಮುಕ್ತರಾಗಲಿ. ಯಾರೂ ಯಾರಿಗೂ ಭಯವಾಗದಿರಲಿ.

ಸಾಧು, ಸಾಧು, ಸಾಧು.
ಜೈ ಭೀಮ್ 🙏