ವಸಂತಕಾಲದಲ್ಲಿ ರಂಗನತಿಟ್ಟು

ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿ ಕಾವೇರಿಯ ನಡುವೆ ಇರುವ ನಡುಗಡ್ಡೆಗಳ ಸಮೂಹವೇ ರಂಗನತಿಟ್ಟು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಣೆ ಕಟ್ಟಿಸಿದುದರಿಂದ ಇವು ಉಂಟಾದುವು. ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಇದು ರಾಮ್‌ಸಾರ್ ಜೌಗುನೆಲಗಳ ಪಟ್ಟಿಗೆ ಸೇರಿತು.

ಮಾಘ ಕಳೆದು ಫಾಲ್ಗುಣ ಬರುವ ವೇಳೆಗೆ ಹೊಳೆಯ ನೀರು ತಗ್ಗಿ ಬಂಡೆಗಳು ಹೊರಗೆ ಕಾಣುವುವು. ಆಗ ನದಿ ರೀವವೆಂಬ ಹಕ್ಕಿಯು ಹುಲ್ಲುಕಡ್ಡಿಯ ಗೂಡನ್ನೇನೂ ಕಟ್ಟದೆ, ಬರಿಯ ಬಂಡೆಯ ಮೇಲೆಯೇ ಮೊಟ್ಟೆಯಿಡುತ್ತದೆ. ಚುಕ್ಕೆಯುಳ್ಳ ಆ ಮೊಟ್ಟೆಯು ಕಲ್ಲಿನ ಬಣ್ಣದೊಡನೆ ಬೆರೆತು, ಹತ್ತಿರದಲ್ಲಿದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಬಿಸಿಲು ಏರಿದಾಗ ತಾಯಿಹಕ್ಕಿಯು ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪುಮಾಡುವುದುಂಟು. ಇಂತಹ ಸಮಯದಲ್ಲಿ ಮೇಲುಗಡೆಯಿಂದ ನೀರು ಹಠಾತ್ತಾಗಿ ಏರಿ ಬಂದರೆ ಆ ವರ್ಷದ ಸಂತಾನವೆಲ್ಲ ಕೊಚ್ಚಿಹೋದಂತೆಯೇ ಸರಿ. ಇದೇ ತಿಂಗಳುಗಳಲ್ಲಿ ಮೊಸಳೆಯೂ ದಡದ ಮರಳಿನಲ್ಲಿ ಕುಳಿ ತೋಡಿ ಮೊಟ್ಟೆಯಿಡುವುದರಿಂದ ದನಗಳನ್ನು ಅಲ್ಲಿಗೆ ನೀರಿಗೆ ಬಿಡಬಾರದು.

ಬಣ್ಣದ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆ ಮುಂತಾದುವು ಈ ಕಾಲದಲ್ಲಿ ಮರಗಳ ಮೇಲೆ ಕಾಣುವುವು. ರೈತರು ವಿಶೇಷವಾಗಿ ಗಮನಿಸತಕ್ಕದ್ದು ಬಾಯ್ಕಳಕವನ್ನು. ಇದರ ಕೊಕ್ಕಿನ ನಡುವೆ ಸಂದು ಇರುವುದು. ಮರಿಗಳಲ್ಲಿ ಈ ಸಂದು ಇರುವುದಿಲ್ಲ. ಅಡಕೊತ್ತಿನಲ್ಲಿ ಅಡಕೆ ಒಡೆಯುವಂತೆ ಚಿಪ್ಪನ್ನು ಒಡೆಯುವುದೆಂದು ಊಹಿಸುವುದು ತಪ್ಪು. ಕೆಳಗೊಕ್ಕಿನ ತುದಿಯನ್ನು ಚಿಪ್ಪಿನೊಳಕ್ಕೆ ತೂರಿಸಿ, ಒಳಗಿನ ಬಸವನಹುಳುವನ್ನು ಬಿಡಿಸಿ ಎಳೆದುಕೊಳ್ಳುತ್ತದೆ. ಈ ಹುಳುವೇ ಅದರ ಮುಖ್ಯ ಆಹಾರವಾದುದರಿಂದ, ಬತ್ತದ ಗದ್ದೆಯಲ್ಲಿ ಇಳಿದ ಬಾಯ್ಕಳಕವು ತೆನೆಗೆ ಬಂದುದೆಂದು ಕಲ್ಲು ಬೀರುವುದು ಅನ್ಯಾಯ.

ಗೂಡು ನಡುಗಡ್ಡೆಯಲ್ಲಿದ್ದರೂ ಅನ್ನವು ಸುತ್ತಲಿನ ಗದ್ದೆ ಕಾಲುವೆಗಳಲ್ಲಿರುವುದೆಂಬುದನ್ನು ಮರೆಯಬಾರದು. ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಇರುವುವು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಹುಣಿಸೆಮರಗಳ ಕೆಳಗೆ ಬಿದ್ದ ಹಿಕ್ಕೆಯನ್ನು ಗೊಬ್ಬರವಾಗಿ ಉಪಯೋಗಿಸುವ ವಾಡಿಕೆಯುಂಟು. ಪಕ್ಷಿಧಾಮದೊಳಗಿನ ಹಿಕ್ಕೆಯನ್ನಾದರೋ ಯಾರೂ ತೆಗೆಯತಕ್ಕದ್ದಲ್ಲ. ಅದಕ್ಕಾಗಿ ಮರದ ಕೆಳಗೆ ಜನ ಓಡಾಡಿದರೆ ಹಕ್ಕಿಗಳು ಬೆದರಿ ಗೂಡು ಬಿಟ್ಟೇಳುವುವು.

ಬೇಸಿಗೆ ಬತ್ತಕ್ಕೆ ಕೀಟನಾಶಕವನ್ನು ಸಿಂಪಡಿಸುವವರು ಮೊದಲು ಪೈರಿನೊಳಗೆ ಇಳಿದು, ಹುಳುವು ನಿಜವಾಗಿಯೂ ಹೆಚ್ಚಾಗಿದೆಯೇ ಎಂದು ನೋಡತಕ್ಕದ್ದು. ಪಕ್ಕದವನು ಹೊಡೆದನೆಂದು ತಾನೂ ಹೊಡೆಯುವುದು ಹಣಕ್ಕೂ ಕೇಡು, ಹಕ್ಕಿಗೂ ಕೇಡು. ಸಿಂಪಡಿಸಿದ ಗದ್ದೆಯ ನೀರನ್ನು ಕೂಡಲೇ ಕಾಲುವೆಗೆ ಬಸಿಯಬಾರದು. ಔಷಧದ ಡಬ್ಬಿಯನ್ನೂ ಪಂಪನ್ನೂ ಹೊಳೆಯಲ್ಲಿ ತೊಳೆಯಬಾರದು.